ಮಕ್ಕಳ ಹೃದಯದ ಕ್ಯಾತಿಟರ್ ಚಿಕಿತ್ಸೆಯಲ್ಲಿ ಅರಿವಳಿಕೆ

ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರ ಮೊದಲಾದ ದೋಷಗಳಿರುವ ಮಕ್ಕಳಿಗೆ ಎದೆಯನ್ನು ತೆರೆಯದೆ, ತೊಡೆಸಂದಿನ ರಕ್ತನಾಳದ ಮೂಲಕ ಕ್ಯಾತಿಟರ್ ಎಂಬ ಸಣ್ಣ ಕೊಳವೆಯನ್ನು ತೂರಿಸಿ ಚಿಕಿತ್ಸೆ ನೀಡಲಾಗುತ್ತದೆ. ಈ ಸಂದರ್ಭದಲ್ಲಿ ಮಗುವಿಗೆ ನೋವು, ಭಯ ಹಾಗೂ ಚಲನೆ ಇಲ್ಲದಂತೆ ಮಾಡುವ ವಿಧಾನವೇ ಇಲ್ಲಿನ ಅರಿವಳಿಕೆ.

ಹಿನ್ನೆಲೆ

ಜರ್ಮನಿಯ ಪೋರ್ಸ್ಟ್‌ಮನ್ ಅವರು 1967ರಲ್ಲಿ, ಜನನದ ನಂತರವೂ ಮುಚ್ಚದೆ ಉಳಿದ ಧಮನಿನಾಳವನ್ನು ಕ್ಯಾತಿಟರ್ ಮೂಲಕ ಮುಚ್ಚಿದ ವರದಿಯನ್ನು ಪ್ರಕಟಿಸಿದರು. ಹೃತ್ಕರ್ಣಗಳ ನಡುವಿನ ರಂಧ್ರವನ್ನು ಹೀಗೆ ಮುಚ್ಚಿದ್ದನ್ನು ಅಮೆರಿಕದ ಕಿಂಗ್ ಮತ್ತು ಮಿಲ್ಸ್ 1976ರಲ್ಲಿ ವರದಿ ಮಾಡಿದರು. ಈಗ ನಿಕಲ್ ಮತ್ತು ಟೈಟಾನಿಯಂ ಮಿಶ್ರಲೋಹದ ತಂತಿಯಿಂದ ಹೆಣೆದ ಬಿಲ್ಲೆಗಳು ಹೆಚ್ಚು ಬಳಕೆಯಲ್ಲಿವೆ.

ಅಗತ್ಯ ಮತ್ತು ವಿಧಾನ

ವಯಸ್ಕರಲ್ಲಿ ಇಂತಹ ಚಿಕಿತ್ಸೆಯನ್ನು ಹಲವು ವೇಳೆ ಎಚ್ಚರವಿರುವಾಗಲೇ ಮಾಡಬಹುದು. ಮಗು ಮಾತ್ರ ಅಲುಗಾಡದೆ ಮಲಗಿರಲಾರದು. ಬಿಲ್ಲೆಯನ್ನು ಕೂರಿಸುವ ಕ್ಷಣದಲ್ಲಿ ಅದು ಮಿಸುಕಿದರೆ ಬಿಲ್ಲೆ ಜಾರುವ ಅಪಾಯವಿದೆ. ಅನ್ನನಾಳದೊಳಗಿಂದ ಪ್ರತಿಧ್ವನಿ ಚಿತ್ರ ತೆಗೆಯಬೇಕಾದಾಗ ಪೂರ್ಣ ಅರಿವಳಿಕೆ ನೀಡಿ, ಶ್ವಾಸನಾಳಕ್ಕೆ ಕೊಳವೆ ಹಾಕುವುದು ರೂಢಿ. ಧಮನಿನಾಳ ಮುಚ್ಚುವಂತಹ ಚಿಕ್ಕ ಚಿಕಿತ್ಸೆಗೆ ಕೆಲವೊಮ್ಮೆ ಮಂಪರು ಔಷಧಿಯೇ ಸಾಕಾಗುತ್ತದೆ. ರಕ್ತದೊತ್ತಡವನ್ನು ಅಷ್ಟಾಗಿ ಇಳಿಸದ ಕೆಟಮಿನ್ ಭಾರತದಲ್ಲಿ ಪರಿಚಿತ ಔಷಧಿ.

ಮೂಗಿನ ಮೂಲಕ ಕೊಡುವ ಆಮ್ಲಜನಕವೂ ಇಲ್ಲಿ ಔಷಧಿಯಂತೆಯೇ ವರ್ತಿಸುತ್ತದೆ. ಅದು ಅಧಿಕವಾದರೆ ಶ್ವಾಸಕೋಶದ ರಕ್ತನಾಳಗಳು ಹಿಗ್ಗುತ್ತವೆ. ಆಗ ಅಳೆದ ಒತ್ತಡ ನಿಜಸ್ಥಿತಿಯನ್ನು ತೋರಿಸುವುದಿಲ್ಲ, ರಂಧ್ರವನ್ನು ಮುಚ್ಚಬಹುದೇ ಎಂಬ ನಿರ್ಧಾರವೇ ತಪ್ಪಾಗಬಹುದು. ಉಸಿರಾಟ ಕುಗ್ಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಅವೇ ನಾಳಗಳು ಸಂಕುಚಿತಗೊಳ್ಳುತ್ತವೆ. ನೀಲಿಗಟ್ಟುವ ಮಕ್ಕಳಲ್ಲಿ ದೇಹದ ರಕ್ತದೊತ್ತಡ ಕುಸಿದರೆ ಅಶುದ್ಧ ರಕ್ತ ಇನ್ನಷ್ಟು ಪ್ರಮಾಣದಲ್ಲಿ ದೇಹಕ್ಕೆ ಸೇರುತ್ತದೆ. ಡ್ರಿಪ್ ಕೊಳವೆಯಲ್ಲಿನ ಒಂದು ಗಾಳಿಗುಳ್ಳೆಯೂ ರಂಧ್ರದ ಮೂಲಕ ಮಿದುಳನ್ನು ತಲುಪೀತು.

ಪೂರ್ವಸಿದ್ಧತೆ

ಸಾಮಾನ್ಯವಾಗಿ ಚಿಕಿತ್ಸೆಗೆ 6 ಗಂಟೆ ಮೊದಲು ಆಹಾರ ಮತ್ತು ಹಸುವಿನ ಹಾಲನ್ನು, 4 ಗಂಟೆ ಮೊದಲು ಎದೆಹಾಲನ್ನು, 2 ಗಂಟೆ ಮೊದಲು ನೀರನ್ನು ನಿಲ್ಲಿಸಲಾಗುತ್ತದೆ. ಅನುಕಂಪದಿಂದ ಮಗುವಿಗೆ ಗುಟ್ಟಾಗಿ ಹಾಲು ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಾಪಾಯವಾಗಬಹುದು. ನೆಗಡಿ, ಕೆಮ್ಮು ಇದ್ದರೆ ಮುಚ್ಚಿಡದೆ ತಿಳಿಸಬೇಕು.

ಕರ್ನಾಟಕದಲ್ಲಿ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಂತಹ ಗ್ರಾಮಾಂತರ ಪ್ರದೇಶದ ಮಕ್ಕಳಿಗೆ ಈ ಚಿಕಿತ್ಸೆ ದೊರೆಯುವುದು ಮುಖ್ಯವಾಗಿ ಬೆಂಗಳೂರಿನಲ್ಲಿ. ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ, ಬೊಮ್ಮಸಂದ್ರದ ನಾರಾಯಣ ಹೃದಯಾಲಯ ಹಾಗೂ 2001ರಲ್ಲಿ ಆರಂಭವಾಗಿ ಉಚಿತ ಚಿಕಿತ್ಸೆ ನೀಡುತ್ತಿರುವ ವೈಟ್‌ಫೀಲ್ಡ್‌ನ ಶ್ರೀ ಸತ್ಯಸಾಯಿ ಆಸ್ಪತ್ರೆ ಇವುಗಳಲ್ಲಿ ಪ್ರಮುಖವಾದವು. 2013ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಯ ಮಕ್ಕಳನ್ನು ಒಂದು ಬಾರಿ ತಪಾಸಣೆ ಮಾಡಿ, ಹೃದಯದೋಷದ ಶಂಕೆಯಿದ್ದವರನ್ನು ಮುಂದಿನ ಆಸ್ಪತ್ರೆಗೆ ಕಳುಹಿಸುತ್ತವೆ.