ಆತಕೂರಿನ ಕಾಳಿಯೂ ನಮ್ಮ ಕಾಲದ ಕೆಲಸದ ನಾಯಿಗಳೂ

ಚೆನ್ನೈಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ನಮ್ಮವರೆಲ್ಲರೂ ಅರಕ್ಕೋಣವನ್ನು ದಾಟಿಯೇ ಹೋಗುತ್ತಾರೆ. ಆ ನಿಲ್ದಾಣಕ್ಕೆ ಸಮೀಪದಲ್ಲಿ ತಕ್ಕೋಲವೆಂಬ ಊರಿದೆ. ಹತ್ತನೆಯ ಶತಮಾನದ ನಡುವಿನಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಅಲ್ಲಿ ಘೋರವಾದ ಯುದ್ಧ ನಡೆಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗರ ಬೂತುಗನ ಕೈಯಲ್ಲಿ ಚೋಳ ರಾಜಕುಮಾರ ರಾಜಾದಿತ್ಯನು ಮಡಿದನು. ಇಷ್ಟನ್ನು ನಾವು ಶಾಲೆಯಲ್ಲಿ ಓದಿರುತ್ತೇವೆ. ಆದರೆ ಈ ಸಂಗತಿಯನ್ನು ನಮಗೆ ಉಳಿಸಿಕೊಟ್ಟಿರುವ ಮುಖ್ಯವಾದ ಕನ್ನಡ ಶಾಸನವು ಒಂದು ನಾಯಿಯ ನೆನಪಿಗಾಗಿ ನೆಟ್ಟ ಕಲ್ಲೆಂಬುದನ್ನು ಬಲ್ಲವರು ಕಡಿಮೆ.

ಆ ಕಲ್ಲು ದೊರೆತದ್ದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. ಅದರ ಕಾಲ ಶಕ 872, ಎಂದರೆ ಕ್ರಿ.ಶ. 949-50. ಬೂತುಗನ ಸೇವಕನಾದ ಮಣಲೇರನೆಂಬ ವೀರನು ತಕ್ಕೋಲದಲ್ಲಿ ಮೆರೆದ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದು ಚಕ್ರವರ್ತಿಯು ಹೇಳಿದನಂತೆ. ಮಣಲೇರನು ಹೊನ್ನನ್ನೂ ಬೇಡಲಿಲ್ಲ, ಪದವಿಯನ್ನೂ ಬೇಡಲಿಲ್ಲ. ಚಕ್ರವರ್ತಿಯ ಕಾಳಿಯೆಂಬ ಬೇಟೆನಾಯಿಯನ್ನು ಕೊಡಿಸಬೇಕೆಂದು ಬೇಡಿದನು. ಕಾಳಿ ಅವನಿಗೆ ಬಂದಿತು. ಮುಂದೆ ಕೆಳಲೆನಾಡಿನ ಬೆಳತೂರಿನ ಗುಡ್ಡದಲ್ಲಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಅದನ್ನು ಬಿಟ್ಟಾಗ, ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಬಿದ್ದವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗಾಗಿ ದೊಡ್ಡ ಕೆರೆಯ ಕೆಳಗೆ ಗದ್ದೆ ಬಿಡಲಾಯಿತು. ಹಂದಿಯೊಡನೆ ಸೆಣಸುತ್ತಿರುವ ಕಾಳಿಯ ಚಿತ್ರವೂ ಕಲ್ಲಿನ ಮೇಲಿದೆ. ಈ ಶಿಲೆಯನ್ನು ಬಹುಕಾಲದ ಹಿಂದೆಯೇ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಗಿದೆ.

ಬ್ಯಾಂಕಿನ ಮೇಜಿನ ಮುಂದೆ ಹಗಲು ಕಳೆಯುವ ನನಗೆ ಆ ದಾನದ ಷರತ್ತು ವಿಶೇಷವಾಗಿ ಹಿಡಿಸಿತು. ಗದ್ದೆಯೆಂಬುದು ಅಸಲು, ಅದರ ಬೆಳೆಯೇ ಬಡ್ಡಿ. ಬಡ್ಡಿಯನ್ನು ಉಣ್ಣುವ ಗೊರವನು ಕಲ್ಲನ್ನು ಪೂಜಿಸದೆ ಉಂಡನಾದರೆ ನಾಯಿ ಮಾಡಿದ ಪಾಪವು ಅವನಿಗೆ ತಗಲುವುದೆಂದು ಬರೆದಿದ್ದಾರೆ. ಕರಾರುಪತ್ರ ಬರೆದವನು ಗಟ್ಟಿಗ! ನಾಯಿಯಿಂದ ಫಲ ಪಡೆದವನಿಗೆ ಅದರ ಹೊಣೆಯೂ ಸೇರಿದ್ದೆಂಬ ಭಾವ ಇದರಲ್ಲಿದೆಯೆಂದು ನಾನು ತಿಳಿಯುತ್ತೇನೆ.

ವೀರಗಲ್ಲೆಂದ ಮಾತ್ರಕ್ಕೆ ನಾವು ಶೌರ್ಯವನ್ನಷ್ಟೇ ನೋಡುತ್ತೇವೆ. ಸ್ವಲ್ಪ ನಿಂತು ಯೋಚಿಸಿದರೆ ಇದು ಕೆಲಸದಲ್ಲಿ ಸಂಭವಿಸಿದ ಒಂದು ಅಪಘಾತದ ದಾಖಲೆಯೂ ಹೌದು. ಕಾಳಿ ತಾನಾಗಿ ಹಂದಿಯನ್ನು ಅರಸಿಕೊಂಡು ಹೋದುದಲ್ಲ. ಅದನ್ನು ಬಿಟ್ಟ ಮನುಷ್ಯನೊಬ್ಬನಿದ್ದನು. ನಾಯಿಗೆ ಪೆಟ್ಟಾದರೂ ನಾಯಿಯಿಂದ ಪೆಟ್ಟಾದರೂ ಕಾರಣವನ್ನು ಮೊದಲು ಹಗ್ಗದ ಈಚೆಯ ತುದಿಯಲ್ಲಿ ಹುಡುಕಬೇಕು. ನಮ್ಮ ಹಿಂದಿನವರು ಈ ವಿದ್ಯೆಯನ್ನು ಹಗುರವಾಗಿ ಎಣಿಸಿರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ನಾಯಿಗಳಿಗಾಗಿಯೇ ಒಂದು ಪ್ರಕರಣವಿದೆ.

ಬೇಟೆನಾಯಿಯೆಂದೊಡನೆ ಮುಧೋಳದ ನೆನಪು ಬರುವುದು ಸಹಜ. ಘೋರ್ಪಡೆ ಅರಸರ ಆಶ್ರಯದಲ್ಲಿ ಬೆಳೆದ ಈ ತಳಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಿತು. ಅದೇ ಮಾಲೆಯಲ್ಲಿ ತಮಿಳುನಾಡಿನ ರಾಜಪಾಳಯಂ ನಾಯಿಗೂ ಒಂದು ಚೀಟಿ ದೊರೆಯಿತು. 2016ರಲ್ಲಿ ಮುಧೋಳದ ಮರಿಗಳನ್ನು ಮೀರತ್ತಿನ ಸೈನ್ಯದ ಕೇಂದ್ರಕ್ಕೆ ತರಬೇತಿಗಾಗಿ ಕಳುಹಿಸಿದರು. ಇದನ್ನು ಕೇಳಿ ಹೆಮ್ಮೆಯಿಂದ ಮರಿ ತಂದು ಸಾಕುವ ನಮ್ಮವರು ಒಂದು ಮಾತನ್ನು ಅರಿತಿರಬೇಕು. ಈ ಜಾತಿ ಮೂಗಿಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವಂಥದು. ಓಡುವ ವಸ್ತುವನ್ನು ಕಂಡರೆ ಹಿಂಬಾಲಿಸುವುದು ಅದರ ರಕ್ತದಲ್ಲೇ ಇದೆ. ಬಯಲುಸೀಮೆಯ ಹೊಲದಲ್ಲಿ ಅದು ಗುಣ, ಆರ್ಕಾಟ್ ರಸ್ತೆಯ ವಾಹನಗಳ ನಡುವೆ ಅದೇ ಮೃತ್ಯು. ಹಗ್ಗವಿಲ್ಲದೆ ಬೀದಿಗೆ ಬಿಡತಕ್ಕದ್ದಲ್ಲ. ಇಲ್ಲಿನ ಮೇ ತಿಂಗಳ ನಡುಹಗಲಲ್ಲಿ ಕಾದ ಡಾಂಬರಿನ ಮೇಲೆ ನಡೆಸಿದರೆ ಅದರ ಅಂಗಾಲು ಸುಡುತ್ತದೆ. ನಮ್ಮ ಅಂಗೈಯನ್ನು ನೆಲದ ಮೇಲೆ ಒಂದು ಕ್ಷಣ ಇಟ್ಟು ನೋಡಿದರೆ ತಿಳಿಯುತ್ತದೆ.

ಊರಿಗೆ ಹೊರಟಾಗ ಸೆಂಟ್ರಲ್ ನಿಲ್ದಾಣದಲ್ಲಿ ಸಾಮಾನುಗಳನ್ನು ಮೂಸಿ ನೋಡುವ ಪೋಲೀಸು ನಾಯಿಗಳನ್ನು ನಾವೆಲ್ಲ ಕಂಡಿದ್ದೇವೆ. ಮಕ್ಕಳು ಓಡಿಹೋಗಿ ತಲೆ ಸವರಲು, ಬಿಸ್ಕತ್ತು ಕೊಡಲು ಹಾತೊರೆಯುತ್ತಾರೆ. ತಡೆಯಬೇಕಾದವರು ತಾಯಿತಂದೆಯರು. ಸಿಡಿಮದ್ದು ಹುಡುಕುವ ನಾಯಿಗೆ ವಾಸನೆ ಸಿಕ್ಕಿದೊಡನೆ ಅಲ್ಲಿಯೇ ಸುಮ್ಮನೆ ಕುಳಿತುಕೊಳ್ಳುವಂತೆ ಕಲಿಸಿರುತ್ತಾರೆ. ಅದು ಬೊಗಳಿ, ಪಂಜದಿಂದ ಕೆರೆದುಬಿಟ್ಟರೆ ಮದ್ದು ಸಿಡಿಯಬಹುದು. ನಾಯಿಯೂ ಅದರ ಜೊತೆಗಾರನೂ ಸುತ್ತಲಿನವರೂ ಉಳಿಯುವುದು ಆ ನಿಶ್ಶಬ್ದದಿಂದ. ಅಂಥ ಏಕಾಗ್ರತೆಯನ್ನು ಒಂದು ಬಿಸ್ಕತ್ತಿನ ಆಸೆಯಿಂದ ಕೆಡಿಸುವುದು ಸರಿಯೆ? ಕುರುಡರಿಗೆ ದಾರಿ ತೋರುವ ನಾಯಿಗಳ ವಿಷಯದಲ್ಲೂ ಇದೇ ನಿಯಮ. ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗಿನಲ್ಲಿ ಇದಕ್ಕೊಂದು ಶಾಲೆ ತೆರೆದರು. ಯಜಮಾನನು ಮುಂದೆ ನಡೆಯೆಂದರೂ ಎದುರಿಗೆ ಗಾಡಿ ಬರುತ್ತಿದ್ದರೆ ಆಜ್ಞೆಯನ್ನು ಮೀರಿ ನಿಲ್ಲುವಂತೆ ಇಂಥ ನಾಯಿಗಳನ್ನು ಪಳಗಿಸುತ್ತಾರೆ. ಅಂಥದನ್ನು ಎಲ್ಲಿ ಕಂಡರೂ ಜೊತೆಗಿರುವವರನ್ನು ಕೇಳದೆ ಕರೆಯಬಾರದು, ಮುಟ್ಟಬಾರದು.

ಇನ್ನು ಕಡಿತದ ಮಾತು. ಹುಚ್ಚುನಾಯಿಯ ರೋಗ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. 1885ರಲ್ಲಿ ಪಾಸ್ತರನು ಪ್ಯಾರಿಸಿನಲ್ಲಿ ಒಬ್ಬ ಬಾಲಕನಿಗೆ ಮೊದಲು ಚುಚ್ಚುಮದ್ದು ಕೊಟ್ಟನು. ನಮ್ಮ ದಕ್ಷಿಣಕ್ಕೆ ಆ ಸೌಕರ್ಯ ಬಂದದ್ದು 1907ರಲ್ಲಿ, ನೀಲಗಿರಿಯ ಕೂನೂರಿನಲ್ಲಿ ಪಾಸ್ತರ್ ಸಂಸ್ಥೆ ತೆರೆದಾಗ. ಬಳಿಕ ಕಸೌಲಿಯಲ್ಲಿ ಸೆಂಪಲ್ ಎಂಬ ವೈದ್ಯನು ಸಿದ್ಧಪಡಿಸಿದ ಮದ್ದು ದೇಶದಲ್ಲೆಲ್ಲ ಬಳಕೆಗೆ ಬಂದಿತು. ಹೊಟ್ಟೆಗೆ ಹದಿನಾಲ್ಕು ಸೂಜಿಯೆಂದು ಮನೆಯ ಹಿರಿಯರು ನಮ್ಮನ್ನು ಹೆದರಿಸುತ್ತಿದ್ದುದು ಇದನ್ನೇ. ಪ್ರಾಣಿಗಳ ಮಿದುಳಿನಿಂದ ಮಾಡುತ್ತಿದ್ದ ಆ ಮದ್ದಿನಿಂದ ಕೆಲವೊಮ್ಮೆ ಪಾರ್ಶ್ವವಾಯುವೂ ಆಗುತ್ತಿತ್ತು. 2004ರ ಕೊನೆಗೆ ಭಾರತದಲ್ಲಿ ಅದನ್ನು ನಿಲ್ಲಿಸಿದರು. ಈಗಿನದು ತೋಳಿಗೆ ಕೊಡುವ ಕೆಲವೇ ಸೂಜಿಗಳು. ಆದರೂ ಹಳೆಯ ಭಯವನ್ನು ಹೊತ್ತು ಅರಿಶಿನ, ಸುಣ್ಣ ಮೆತ್ತಿಕೊಂಡು ಮನೆಯಲ್ಲೇ ಕೂರುವವರು ನಮ್ಮ ನಡುವೆ ಇದ್ದಾರೆ. ಈ ವಿದ್ಯಾವಂತರ ನಗರದಲ್ಲಿ ಅದು ನನಗೆ ಅಚ್ಚರಿಯ ಸಂಗತಿ.

ಕಚ್ಚಿದ್ದು ಬೀದಿನಾಯಿಯಾಗಲಿ ಸಾಕಿದ ನಾಯಿಯಾಗಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಾಯ ಆಳವಾಗಿದ್ದರೆ ಅದರ ಸುತ್ತಲೂ ಕೊಡುವ ಬೇರೊಂದು ಮದ್ದೂ ಅವಶ್ಯಕ. ನಾಯಿಗಳೊಡನೆಯೇ ಉದ್ಯೋಗ ಮಾಡುವವರು ಕಚ್ಚುವ ಮೊದಲೇ ಚುಚ್ಚುಮದ್ದು ಪಡೆದಿರುವುದು ಕ್ರಮ. ಹಾಗೆ ಪಡೆದವರೂ ಕಡಿತವಾದಾಗ ಸುಮ್ಮನಿರುವಂತಿಲ್ಲ. ಅಂದೇ ಒಂದು, ಮೂರನೆಯ ದಿನ ಇನ್ನೊಂದು ಸೂಜಿಯನ್ನು ಹಾಕಿಸಿಕೊಳ್ಳಬೇಕು.