ಈಜಿಪುರದ ಆ ಹದಿನೈದು ಎಕರೆ

ಕೊಳೆಗೇರಿ ಅನ್ನೋ ಪದ ನನಗೆ ಯಾವತ್ತೂ ಹಿಡಿಸಿಲ್ಲ. ನಮ್ಮ ಮೇಲವಂಕಿ ಕಡೆ ಊರೊಳಗಿನ ಬೀದಿಗೆ ಓಣಿ ಅಂತೀವಿ. ಕೇರಿ ಅಂದರೆ ಸಾಮಾನ್ಯವಾಗಿ ಊರಿಂದ ಆಚೆಗಿರೋದು, ಯಾರನ್ನು ದೂರ ಇಟ್ಟಿದ್ದಾರೋ ಅವರದು. ಆ ಕೇರಿಗೆ ಒಂದಿಷ್ಟು ಕೊಳೆ ಮೆತ್ತಿ ಪೇಟೆಯವರು ಹೊಸ ಶಬ್ದ ಮಾಡಿಕೊಂಡರು. ಸರಕಾರದ್ದೂ ಅದೇ ದಾರಿ. 1973ರಲ್ಲಿ ಕೊಳಚೆ ಪ್ರದೇಶಗಳ ಕಾಯ್ದೆ ಬಂತು, 1975ರಲ್ಲಿ ಕೊಳಚೆ ನಿರ್ಮೂಲನ ಮಂಡಳಿ ಹುಟ್ಟಿತು. ಆಮೇಲೆ ಹೆಸರಿನೊಳಗಿನ 'ನಿರ್ಮೂಲನ' ಹೋಗಿ 'ಅಭಿವೃದ್ಧಿ' ಬಂತು ಅನ್ನಿ.

ಆದರೆ ಇವತ್ತು ನಾನು ಹೇಳಹೊರಟಿರೋ ಜಾಗ ಈ ಪದಕ್ಕೆ ಅಷ್ಟು ಸುಲಭಕ್ಕೆ ಸಿಗೋದಲ್ಲ. "ಎಲ್ಲಿಂದಲೋ ಬಂದು ಸರಕಾರಿ ಜಾಗದಾಗ ಗುಡಿಸಲು ಹಾಕ್ಕೊಂಡ್ರು" ಅನ್ನೋ ಮಾತಿದೆಯಲ್ಲ, ಅದು ಇಲ್ಲಿ ನಡೆಯೋದಿಲ್ಲ. ಇಲ್ಲಿ ಮನೆ ಕಟ್ಟಿದ್ದೇ ಸರಕಾರ!

ಅದಕ್ಕೂ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬೆಂಗಳೂರು ಬಡವರ ಮನೆ ಕೆಡವಿದ್ದು ಇತ್ತೀಚೆಗೆ ಕಲಿತ ವಿದ್ಯೆಯಲ್ಲ. 1898ರ ಆಗಸ್ಟಿನಲ್ಲಿ ಪ್ಲೇಗು ರೈಲು ಹತ್ತಿ ಬೆಂಗಳೂರಿಗೆ ಬಂತು, ಅದೂ ನಮ್ಮ ಹುಬ್ಬಳ್ಳಿ ಕಡೆಯಿಂದ. ಹಳೇ ಪೇಟೆಯ ಇಕ್ಕಟ್ಟಿನ ಮನೆಗಳನ್ನು ಗುರುತು ಹಾಕಿದರು, ಸೋಂಕು ತಗುಲಿದ ಮನೆಗಳನ್ನು ಕೆಡವಿದರು, ಜನರನ್ನು ಊರಾಚೆ ಷೆಡ್ಡುಗಳಿಗೆ ಸಾಗಿಸಿದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೇಗ ಬೇಗ ಮೇಲೆದ್ದದ್ದು ಆ ಭಯದಲ್ಲೇ. ಅಗಲವಾದ ರಸ್ತೆ, ಗಾಳಿ ಬೆಳಕು, ಮನೆ ಹಿಂದೆ ಮಲ ಹೊರುವವರಿಗಂತ ಒಂದು ಸಣ್ಣ ಗಲ್ಲಿ. ನಿವೇಶನ ಹಂಚಿದ್ದು ಜಾತಿ ನೋಡಿ. ಹೊಸ ನಗರಕ್ಕೆ ಆ ಗಲ್ಲಿಯಲ್ಲಿ ಓಡಾಡೋ ಮನುಷ್ಯ ಬೇಕಿತ್ತು, ಆದರೆ ಆತ ರಾತ್ರಿ ಎಲ್ಲಿ ಮಲಗಬೇಕು ಅನ್ನೋದು ನಕ್ಷೆಯಲ್ಲಿ ಇರಲಿಲ್ಲ.

ಇರಲಿ. ಈಗ ಈಜಿಪುರಕ್ಕೆ ಬರೋಣ.

ಕೋರಮಂಗಲದ ಪಕ್ಕ ಸುಮಾರು ಹದಿನೈದು ಎಕರೆ ಜಾಗ. 1990ರ ದಶಕದ ಆರಂಭದಲ್ಲಿ ಆಗಿನ ಬೆಂಗಳೂರು ಮಹಾನಗರ ಪಾಲಿಕೆ ಅಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆ ಮನೆ ಕಟ್ಟಿಸಿತು. ಇಡಬ್ಲ್ಯೂಎಸ್ ಕ್ವಾರ್ಟರ್ಸ್ ಅಂತ ಅದಕ್ಕೆ ಹೆಸರು. 42 ಬ್ಲಾಕು, ಒಂದೊಂದರಲ್ಲಿ 36 ಮನೆ, ಒಟ್ಟು 1512. ಹಂಚಿಕೆ ಪತ್ರ ಹಿಡಿದುಕೊಂಡು ಜನ ಬಂದರು. ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆಯೋರು, ಆಟೋ ಓಡಿಸೋರು, ಗಾರೆ ಕೆಲಸದೋರು, ಪೌರಕಾರ್ಮಿಕರು. ಅತ್ತ ಅದೇ ಕೋರಮಂಗಲದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದ ಆಟಗಾರರಿಗಾಗಿ ಎತ್ತರದ ಕಟ್ಟಡಗಳು ಎದ್ದವು. ಅದೇ ನ್ಯಾಷನಲ್ ಗೇಮ್ಸ್ ವಿಲೇಜ್. ಒಂದೇ ದಶಕ, ಅಕ್ಕಪಕ್ಕದ ಜಾಗ, ಎರಡು ಥರದ ಕಟ್ಟಡ.

2003ರಲ್ಲಿ ಕ್ವಾರ್ಟರ್ಸಿನ ಒಂದು ಬ್ಲಾಕು ಕುಸಿದುಬಿತ್ತು. ಕಟ್ಟಿ ಹೆಚ್ಚುಕಡಿಮೆ ಹತ್ತೇ ವರ್ಷ! ನಮ್ಮೂರ ಕಡೆ ಮಣ್ಣಿನ ಮಾಳಿಗೆ ಮನೆಗಳು ಮೂರು ತಲೆಮಾರು ನಿಲ್ಲುತ್ತವೆ ಸ್ವಾಮಿ. ಕಟ್ಟಡ ಯಾಕೆ ಬಿತ್ತು, ಸಿಮೆಂಟು ಎಲ್ಲಿಗೆ ಹೋಯಿತು, ಬಿಲ್ಲಿಗೆ ಸಹಿ ಹಾಕಿದವರ್ಯಾರು ಅನ್ನೋ ಪ್ರಶ್ನೆ ದೊಡ್ಡದಾಗಬೇಕಿತ್ತು. ಆದರೆ ದೊಡ್ಡದಾಗಿದ್ದು ಇನ್ನೊಂದು ಪ್ರಶ್ನೆ: ಈ ಜಾಗವನ್ನು ಮುಂದೇನು ಮಾಡೋದು? ಕೆಲವೇ ವರ್ಷಗಳಲ್ಲಿ ಉಳಿದ ಬ್ಲಾಕುಗಳನ್ನೂ ಅಪಾಯಕಾರಿ ಅಂತ ಕೆಡವಿದರು. ಹೊಸ ಮನೆ ಕಟ್ಟಿಕೊಡ್ತೀವಿ, ಅಲ್ಲಿವರೆಗೆ ಇಲ್ಲೇ ಇರಿ ಅಂತ ತಗಡಿನ ಷೆಡ್ಡು. ಗಮನಿಸಿ, ಅಲ್ಲಿ 'ಸ್ಲಂ' ಹುಟ್ಟಿದ್ದು ಆಗ. ಪಕ್ಕಾ ಮನೆಯಲ್ಲಿದ್ದವರನ್ನು ತಗಡಿನ ಕೆಳಗೆ ಇಳಿಸಿ, ಆಮೇಲೆ ಆ ತಗಡನ್ನೇ ತೋರಿಸಿ "ನೋಡ್ರಿ ಎಷ್ಟು ಗಲೀಜು" ಅಂದರೆ ಏನು ಹೇಳೋದು?

ಅಷ್ಟರಲ್ಲಿ ಕೋರಮಂಗಲ ಬೇರೆಯೇ ಊರಾಗಿತ್ತು. ಸಾಫ್ಟ್‌ವೇರ್ ಕಂಪನಿಗಳು, ಫೋರಂ ಮಾಲ್, ರಿಂಗ್ ರೋಡು. ಹದಿನೈದು ಎಕರೆಯ ಬೆಲೆ ಏನಾಗಿರಬಹುದು ನೀವೇ ಲೆಕ್ಕ ಹಾಕಿ. ಖಾಸಗಿ ಸಹಭಾಗಿತ್ವ ಅನ್ನೋ ಮಂತ್ರ ಬಂತು. 2007ರಲ್ಲಿ ಬಿಬಿಎಂಪಿಯಾಗಿ ಬದಲಾದ ಪಾಲಿಕೆ ಮ್ಯಾವರಿಕ್ ಹೋಲ್ಡಿಂಗ್ಸ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಸರಿಸುಮಾರು ಅರ್ಧ ಜಾಗದಲ್ಲಿ ಬಡವರಿಗೆ ಮನೆ, ಇನ್ನರ್ಧದಲ್ಲಿ ಮಾಲ್. ಪಾಲಿಕೆಗೆ ಖರ್ಚಿಲ್ಲ, ಬಡವರಿಗೆ ಮನೆ, ಕಂಪನಿಗೆ ಲಾಭ, ಕಾಗದದ ಮೇಲೆ ಎಲ್ಲರೂ ಖುಷಿ.

ಇಲ್ಲಿ ಪಾಲಿಕೆಯ ವಾದವನ್ನೂ ಹೇಳಬೇಕು. ಷೆಡ್ಡುಗಳಲ್ಲಿ ಇದ್ದವರೆಲ್ಲ ಮೂಲ ಹಂಚಿಕೆದಾರರಲ್ಲ, ಬಾಡಿಗೆಯವರು, ಕೈಬದಲಾಗಿ ಕೊಂಡವರು ಬಹಳ ಜನ ಅಂತ ಅದರ ವಾದ. ಸುಳ್ಳಲ್ಲ. ಬಡವನ ಮನೆ ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ ಕೈ ಬದಲಾಗುತ್ತದೆ. ಆದರೆ ಹತ್ತು ಹದಿನೈದು ವರ್ಷ ಅಲ್ಲೇ ಬಾಡಿಗೆ ಕೊಟ್ಟು ಬಾಳಿದವಳಿಗೆ ಊರಲ್ಲಿ ಜಾಗವೇ ಇಲ್ಲ ಅನ್ನೋದು ಯಾವ ನ್ಯಾಯ? ಮುಂಬೈಯ ಫುಟ್‌ಪಾತ್ ವಾಸಿಗಳ ಕೇಸಿನಲ್ಲಿ, ಓಲ್ಗಾ ಟೆಲ್ಲಿಸ್ ಪ್ರಕರಣ ಅಂತ ಹೆಸರಾಗಿದ್ದು, 1985ರಲ್ಲೇ ಸುಪ್ರೀಂ ಕೋರ್ಟು ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಅಂದಿತ್ತು. ಅದೇ ತೀರ್ಪು ನೋಟಿಸು ಕೊಟ್ಟು ತೆರವು ಮಾಡಬಹುದು ಅಂತಲೂ ಅಂದಿತು. ಎಲ್ಲಾ ಊರಿನ ಪಾಲಿಕೆಗಳಿಗೂ ಎರಡನೇ ಅರ್ಧ ಮಾತ್ರ ಬಾಯಿಪಾಠ.

2012ರಲ್ಲಿ ಹೈಕೋರ್ಟಿನಿಂದ ತೆರವಿಗೆ ದಾರಿಯಾಯಿತು. 2013ರ ಜನವರಿ 18, ಶುಕ್ರವಾರ, ಪೊಲೀಸರ ಜೊತೆ ಬುಲ್ಡೋಜರ್ ಬಂತು. ಮೂರ್ನಾಲ್ಕು ದಿನದಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳ ಷೆಡ್ಡುಗಳು ನೆಲಸಮ. ಶಾಲೆಗೆ ಹೋಗೋ ಮಕ್ಕಳಿಗೆ ಇನ್ನು ಎರಡು ಮೂರು ತಿಂಗಳಲ್ಲಿ ಪರೀಕ್ಷೆ. ನೂರಾರು ಜನ ಎಲ್ಲಿಗೂ ಹೋಗಲಿಲ್ಲ. ಕಾಂಪೌಂಡ್ ಗೋಡೆಗೆ ಒರಗಿಕೊಂಡು ಫುಟ್‌ಪಾತಿನ ಮೇಲೆ ಟಾರ್ಪಾಲ್ ಕಟ್ಟಿ ತಿಂಗಳುಗಟ್ಟಲೆ ಇದ್ದರು. ಕೆಲವರಿಗೆ ಸರ್ಜಾಪುರ ರಸ್ತೆಯ ಆಚೆ ಸೂಲಿಕುಂಟೆಯಲ್ಲಿ ಮನೆ ತೋರಿಸಿದರು. ಬೆಳಗ್ಗೆ ಆರಕ್ಕೆ ಕೋರಮಂಗಲದಲ್ಲಿ ಕಸ ಗುಡಿಸಬೇಕಾದವಳು ಅಲ್ಲಿಂದ ಎಷ್ಟು ಹೊತ್ತಿಗೆ ಬಸ್ಸು ಹಿಡಿಯಬೇಕು, ಸಂಬಳದಲ್ಲಿ ಎಷ್ಟು ಟಿಕೆಟ್ಟಿಗೆ ಹೋಗುತ್ತೆ ಅಂತ ಕೇಳಿದವರಿಲ್ಲ.

ನನಗೆ ಗೋಕಾಕ ಫಾಲ್ಸಿನ ಮಿಲ್ಲು ನೆನಪಾಗುತ್ತೆ. 1887ರಲ್ಲಿ ಶುರುವಾದ ಮಿಲ್ಲು, ಪಕ್ಕದಲ್ಲೇ ಕಾರ್ಮಿಕರ ವಸತಿ. ಬ್ರಿಟಿಷ್ ಕಂಪನಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿ ಬಂದದ್ದಲ್ಲ, ಶಿಫ್ಟಿನ ಸೈರನ್ ಕೂಗಿದಾಗ ಆಳು ಬಾಗಿಲಲ್ಲಿರಬೇಕಿತ್ತು, ಅಷ್ಟೇ. ಆ ಸ್ವಾರ್ಥದ ಲೆಕ್ಕವಾದರೂ ಅವರಿಗಿತ್ತು. ಕೋರಮಂಗಲಕ್ಕೆ ಅದೂ ಬೇಡವಾಯಿತು. ಕೆಲಸದವಳು ಹೇಗೋ ಬಂದೇ ಬರ್ತಾಳೆ ಅನ್ನೋ ಧೈರ್ಯ. ಇದನ್ನೆಲ್ಲ ಬರೆಯುವಾಗ ಯಾದಗಿರಿ, ರಾಯಚೂರು, ಕಲಬುರಗಿಯಿಂದ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ರೈಲು ಹತ್ತೋ ಜನರ ಮುಖ ಕಣ್ಣಮುಂದೆ ಬರುತ್ತೆ. ಅಪಾರ್ಟ್‌ಮೆಂಟು ಕಟ್ಟೋರು ಅವರೇ, ಅದು ಮುಗಿದ ಮರುದಿನ ಪಕ್ಕದ ತಗಡಿನ ಷೆಡ್ಡಿನಿಂದ ಏಳಬೇಕಾದೋರೂ ಅವರೇ.

ಅಂದಹಾಗೆ ತುರ್ತಾಗಿ ಖಾಲಿ ಮಾಡಿಸಿದ ಆ ಜಾಗ ಏನಾಯಿತು ಅಂತ ಕೇಳ್ತೀರಾ? 2023ರ ಜನವರಿಗೆ ತೆರವಾಗಿ ಹತ್ತು ವರ್ಷ ತುಂಬಿತು. ಅಷ್ಟೊತ್ತಿಗೂ ಮೂಲ ಹಂಚಿಕೆದಾರರಿಗೆ ಕೊಡಬೇಕಿದ್ದ ಮನೆಗಳಲ್ಲಿ ಒಂದರ ಕೀಲಿಯೂ ಯಾರ ಕೈಗೂ ಬಂದಿರಲಿಲ್ಲ.