ಕೊನೆಯ ಅಕ್ಷರದ ಆಟ, ನುಡಿಯ ಚರಿತ್ರೆ

ಒಬ್ಬರು ಒಂದು ಪದವನ್ನು ಹೇಳುವುದು, ಆ ಪದದ ಕೊನೆಯ ಅಕ್ಷರದಿಂದ ಇನ್ನೊಬ್ಬರು ಮುಂದಿನ ಪದವನ್ನು ಕಟ್ಟುವುದು: ಈ ಆಟಕ್ಕೆ ಹಲಗೆ ಬೇಡ, ದಾಳ ಬೇಡ. ಅಂತ್ಯಾಕ್ಷರಿ ಎಂಬ ಹೆಸರು ಇಂದು ಹಾಡಿನ ಸ್ಪರ್ಧೆಗೆ ಮೀಸಲಾದಂತಿದ್ದರೂ, ಬಿಡಿ ಪದಗಳಿಂದ ಆಡುವ ಕ್ರಮವೂ ನಮ್ಮ ಮನೆಗಳಲ್ಲಿ ಹಳೆಯದೇ. ಜರ್ಮನಿಯ ನಮ್ಮ ಕುಟುಂಬಗಳಲ್ಲಿ ಈಗ ಅದು ಮತ್ತೆ ಕಾಣಿಸಿಕೊಂಡಿದೆ. ಇಲ್ಲಿ ಸಂಜೆ ಐದಾದಾಗ ಊರಿನಲ್ಲಿ ರಾತ್ರಿಯ ಊಟದ ಹೊತ್ತು. ಗಣಕದ ಪರದೆಯ ಒಂದು ಚೌಕದಲ್ಲಿ ಮೊಮ್ಮಕ್ಕಳು, ಇನ್ನೊಂದರಲ್ಲಿ ಅಜ್ಜಿ, ಮತ್ತೊಂದರಲ್ಲಿ ಬೇರೆ ನಗರದ ಗೆಳೆಯರು. ಆಟ ಆರಂಭವಾದ ಕೆಲವೇ ನಿಮಿಷಗಳಲ್ಲಿ ಏಳುವ ತಕರಾರುಗಳು ಮಾತ್ರ ಎಲ್ಲ ಮನೆಗಳಲ್ಲಿಯೂ ಒಂದೇ. ಆ ತಕರಾರುಗಳ ಹಿಂದೆ ಕನ್ನಡದ ಸಾವಿರ ವರ್ಷಗಳ ಚರಿತ್ರೆ ಅಡಗಿದೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯ ತಕರಾರು: 'ಊರು' ಎಂದವರಿಗೆ 'ರಾಜ' ಎಂದು ಉತ್ತರಿಸಬಹುದೇ? ರುಕಾರಕ್ಕೆ ರುಕಾರವೇ ಬರಬೇಕಲ್ಲವೇ? ಈ ಪ್ರಶ್ನೆಗೆ ನಮ್ಮ ಹಳೆಯ ಕವಿಗಳು ಬೇರೊಂದು ಸಂದರ್ಭದಲ್ಲಿ ಉತ್ತರ ಕೊಟ್ಟಿದ್ದಾರೆ. ಹಳಗನ್ನಡ ಪದ್ಯಗಳಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವಿರಬೇಕೆಂಬುದು ಪ್ರಾಸದ ನಿಯಮ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಪ್ರಾಸವನ್ನು ಚರ್ಚಿಸುತ್ತದೆ. ಅಲ್ಲಿ ನೋಡುವುದು ವ್ಯಂಜನವನ್ನೇ ಹೊರತು ಅದರ ಮೇಲಿನ ಸ್ವರವನ್ನಲ್ಲ. 'ಮರ', 'ಸಿರಿ', 'ಗುರು' ಎಂಬ ಮೂರೂ ಪದಗಳು ಒಂದೇ ಪ್ರಾಸಕ್ಕೆ ಸಲ್ಲುತ್ತವೆ. ಏಕೆಂದರೆ ಮೂರರಲ್ಲಿಯೂ ಎರಡನೆಯ ಸ್ಥಾನದಲ್ಲಿರುವುದು ರಕಾರ. ಎಂ. ಗೋವಿಂದ ಪೈಗಳು 1911ರಲ್ಲಿ ಈ ಪ್ರಾಸದ ಕಟ್ಟನ್ನು ಬಿಟ್ಟು ಬರೆಯಲು ತೊಡಗಿದರು; ಹೊಸಗನ್ನಡ ಕವಿತೆ ಕ್ರಮೇಣ ಅದರಿಂದ ಬಿಡುಗಡೆ ಪಡೆಯಿತು. ಆದರೆ ಕವಿಗಳು ಬಿಟ್ಟ ತತ್ತ್ವವನ್ನು ಮಕ್ಕಳ ಆಟ ಬಿಟ್ಟಿಲ್ಲ. ಆದುದರಿಂದ 'ಊರು' ಎಂಬುದಕ್ಕೆ 'ರಾಜ' ಎಂಬ ಉತ್ತರ ನ್ಯಾಯವಾದುದೇ.

ಎರಡನೆಯ ತಕರಾರು ಇನ್ನೂ ಸ್ವಾರಸ್ಯವಾದುದು. ಆಟ ಎಲ್ಲಿಂದಲೇ ಹೊರಡಲಿ, ಬೇಗನೆ ರು, ಲು, ಳುಗಳಲ್ಲಿ ಬಂದು ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಕಾರಣವಿದೆ. ಹಳಗನ್ನಡದಲ್ಲಿ ಅನೇಕ ಪದಗಳು ವ್ಯಂಜನದಲ್ಲಿಯೇ ಮುಗಿಯುತ್ತಿದ್ದವು: ಊರ್, ಪಾಲ್, ಬಾಳ್, ಕಣ್. ಕಾಲಕ್ರಮದಲ್ಲಿ ಇವುಗಳ ಕೊನೆಗೆ ಉಕಾರ ಸೇರಿ ಊರು, ಹಾಲು, ಬಾಳು, ಕಣ್ಣು ಎಂಬ ರೂಪಗಳಾದವು. ಇದರ ಮೇಲೆ, 'ಗಳು' ಪ್ರತ್ಯಯ ಹತ್ತಿದ ಬಹುವಚನಗಳೆಲ್ಲವೂ ಳುಕಾರದಲ್ಲಿಯೇ ನಿಲ್ಲುತ್ತವೆ. ಆದರೆ ಇದೇ ಅಕ್ಷರಗಳಿಂದ ಪದವನ್ನು ಆರಂಭಿಸುವುದು ಕನ್ನಡದ ಮೂಲ ಸ್ವಭಾವವಲ್ಲ. ದ್ರಾವಿಡ ಭಾಷೆಗಳಲ್ಲಿ ದೇಶ್ಯ ಪದಗಳು ರ, ಲಗಳಿಂದ ಮೊದಲಾಗುವುದು ವಿರಳ. ಣ, ಳಗಳಿಂದ ಮೊದಲಾಗುವುದಂತೂ ಇಲ್ಲವೆನ್ನುವಷ್ಟು ಅಪರೂಪ.

ಹಾಗಾದರೆ 'ಊರು', 'ಹಾಲು'ಗಳ ಮುಂದೆ ನಾವು ಏನನ್ನು ಹೇಳುತ್ತೇವೆ? ರಾಜ, ರಾತ್ರಿ, ಲೋಕ, ಲತೆ: ಇವು ಸಂಸ್ಕೃತದಿಂದ ಬಂದವು. ರೈತ, ರಜೆ, ಲಗಾಮು: ಇವು ಅರಬ್ಬಿ, ಪಾರಸಿಗಳ ಕೊಡುಗೆ. ರೈಲು, ಲಾಟೀನುಗಳನ್ನು ಇಂಗ್ಲಿಷಿನಿಂದ ಪಡೆದೆವು. ಬೇರೆ ಭಾಷೆಗಳಿಂದ ಬಂದ ಪದಗಳ ನೆರವಿಲ್ಲದೆ ಕನ್ನಡದ ಈ ಆಟ ಹೆಚ್ಚು ದೂರ ಸಾಗಲಾರದು. ಅಚ್ಚಗನ್ನಡದ 'ಊರು' ಎಂಬುದರ ಕೈಯನ್ನು ಹಿಡಿದು ಮುಂದಕ್ಕೆ ಕರೆದೊಯ್ಯುವುದು ಹೊರಗಿನಿಂದ ಬಂದು ನಮ್ಮದಾದ ಪದವೇ.

ಮೂರನೆಯದು ತಕರಾರಲ್ಲ, ಒಂದು ಗಮನಿಕೆ. ಹಕಾರ ಬಂದರೆ ಮಕ್ಕಳು ಹಿಗ್ಗುತ್ತಾರೆ: ಹಾಲು, ಹೂವು, ಹುಲಿ, ಹಲ್ಲು, ಹಳ್ಳಿ, ಹತ್ತು. ಪಕಾರ ಬಂದಾಗ ಪುಸ್ತಕ, ಪರ್ವತ, ಪೆನ್ನು ಎಂದು ಹೊರಗಿನ ಪದಗಳತ್ತ ಹೊರಳುತ್ತಾರೆ. ಪಂಪನ ಕಾಲದ ಕಾವ್ಯಭಾಷೆಯಲ್ಲಿ ಇದ್ದುದು ಪಾಲ್, ಪೂ, ಪುಲಿ. ಹತ್ತನೆಯ ಶತಮಾನದ ಸುಮಾರಿಗೆ ಕಾಣಿಸಿಕೊಂಡು ಮುಂದಿನ ಶತಮಾನಗಳಲ್ಲಿ ಹಬ್ಬಿದ ಧ್ವನಿಪಲ್ಲಟದಿಂದ ಪದದ ಮೊದಲ ಪಕಾರ ಹಕಾರವಾಯಿತು. ನೆರೆಯ ತಮಿಳರು ಇಂದಿಗೂ 'ಪಾಲ್' ಎನ್ನುತ್ತಾರೆ, ತೆಲುಗರು 'ಪಾಲು' ಎನ್ನುತ್ತಾರೆ. ಮಕ್ಕಳು ತಮ್ಮ ತಮಿಳು, ತೆಲುಗು ಗೆಳೆಯರನ್ನು ಕೇಳಿ ಇದನ್ನು ತಾವೇ ಪರೀಕ್ಷಿಸಬಹುದು.

ಇನ್ನು ನ್ಯಾಯ ತೀರ್ಮಾನಕ್ಕೆ ನಿಘಂಟು ಬೇಕು. ಇಲ್ಲಿ ನಾವು ನೆನೆಯಬೇಕಾದವರು ಇದೇ ದೇಶದ ಫರ್ಡಿನೆಂಡ್ ಕಿಟ್ಟೆಲ್. ಉತ್ತರ ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿದ ಅವರು 1853ರಲ್ಲಿ ಬಾಸೆಲ್ ಮಿಷನ್ನಿನ ಮೂಲಕ ಭಾರತಕ್ಕೆ ಬಂದರು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. 1903ರಲ್ಲಿ ಅವರು ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು. ಅವರ ನಿಘಂಟು ಕನ್ನಡ ಪದದ ಪಕ್ಕದಲ್ಲಿ ತಮಿಳು, ತೆಲುಗು ಮೊದಲಾದ ಸೋದರ ರೂಪಗಳನ್ನೂ ಕೊಡುವುದರಿಂದ, 'ಹಾಲು' ಎಲ್ಲಿಂದ ಬಂದಿತೆಂದು ಕೇಳುವ ಮಗುವಿಗೆ ಇಂದಿಗೂ ಉತ್ತರ ಹೇಳಬಲ್ಲುದು.

ಕೊನೆಯದಾಗಿ, ಳಕಾರದ ಮಾತು. ಳದಿಂದ ಪದ ಸಿಗದೆಂದು ಬಹುತೇಕ ಮನೆಗಳಲ್ಲಿ ಅದನ್ನು ಲಕಾರವೆಂದು, ಣವನ್ನು ನಕಾರವೆಂದು ಎಣಿಸುವ ರಿಯಾಯಿತಿ ಇದೆ. ಆಟ ಮುಂದುವರಿಯಲು ಅದು ಅಗತ್ಯ. ಆದರೆ ಇಲ್ಲಿ ಬೆಳೆಯುವ ಮಕ್ಕಳ ಕಿವಿಗೆ ಈ ಭೇದವೇ ಮೊದಲು ಮಸುಕಾಗುವುದು. ಸುತ್ತಲಿನ ಜರ್ಮನ್ ಭಾಷೆಯಲ್ಲಿ ಳ, ಣಗಳಿಲ್ಲ. ಹುಲಿಗೂ ಹುಳಿಗೂ, ಬೆಲೆಗೂ ಬೆಳೆಗೂ, ಹಲ್ಲಿಗೂ ಹಳ್ಳಿಗೂ, ಮನೆಗೂ ಮಣೆಗೂ ಇರುವ ಅಂತರ ಅಳಿದರೆ ಅಜ್ಜಿಯ ಮಾತು ಮೊಮ್ಮಗುವಿಗೆ ಅರ್ಧವೇ ತಲುಪುತ್ತದೆ. ಆದುದರಿಂದ ಒಂದು ಸಣ್ಣ ಕಟ್ಟಳೆಯನ್ನು ಸೇರಿಸೋಣ: ರಿಯಾಯಿತಿ ಬೇಕೆನ್ನುವವರು ಮೊದಲು ಆ ಪದವನ್ನು ಳಕಾರದೊಡನೆಯೇ ಸ್ಪಷ್ಟವಾಗಿ ಉಚ್ಚರಿಸಬೇಕು, ಅದು ಸರಿಯೆಂದು ಪರದೆಯ ಆಚೆಯ ಅಜ್ಜಿ ಒಪ್ಪಿದ ಮೇಲೆಯೇ ಲಕಾರದ ಪದವನ್ನು ಹೇಳಬೇಕು. ಹೀಗೆ ಆಡಿದರೆ ಆಟ ಸ್ವಲ್ಪ ನಿಧಾನವಾದೀತು. ಆಗಲಿ, ಅಜ್ಜಿಯರಿಗೂ ಮೊಮ್ಮಕ್ಕಳಿಗೂ ಮಾತನಾಡಲು ಅಷ್ಟು ಹೊತ್ತು ಹೆಚ್ಚಾಗಿಯೇ ಸಿಗುತ್ತದೆ.